ಸೂಜಿಗೆ ಹೆದರದವರು ತುರಿಕೆಗೆ ಹೆದರಿದ್ದು

ಜುಲೈ ಮಳೆಯಲ್ಲಿ ಶಿರಸಿ ಸೀಮೆಯ ತೋಟದ ಮನೆಯಿಂದ ದಂಪತಿ ನನ್ನ ಬಳಿ ಸಮಾಲೋಚನೆಗೆ ಬಂದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಆಕೆಗೆ 34, ಮದುವೆಯಾಗಿ ಒಂಬತ್ತು ವರ್ಷ, ಹುಬ್ಬಳ್ಳಿಯಲ್ಲಿ ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಸೇರಿಸುವ) ಚಿಕಿತ್ಸೆ. ಮೊದಲ ಭ್ರೂಣ ನಿಂತಿರಲಿಲ್ಲ. ಶೈತ್ಯೀಕರಿಸಿಟ್ಟ ಇನ್ನೊಂದನ್ನು ಗರ್ಭಕೋಶಕ್ಕೆ ಸೇರಿಸಲು ಈಸ್ಟ್ರೋಜನ್ ಎಂಬ ಹಾರ್ಮೋನಿನ ಮಾತ್ರೆ ಶುರುವಾಗಿ ಹತ್ತು ದಿನ ದಾಟಿತ್ತು. ಆಗ ಆಕೆ ‘ಇನ್ನು ಸಾಕು’ ಎಂದು ಕೂತುಬಿಟ್ಟಿದ್ದರು.

“ಅಷ್ಟೊಂದು ಸೂಜಿ ಚುಚ್ಚಿಸಿಕೊಂಡವಳು ಈಗ ಮಾತ್ರೆಗೆ ಬೇಡ ಅನ್ನುತ್ತಾಳೆ. ನನ್ನನ್ನು ಹತ್ತಿರಕ್ಕೂ ಬಿಡುವುದಿಲ್ಲ” ಎಂದರು ಗಂಡ. ಸೋಲಿನ ದುಃಖ, ಮುನಿಸು ಎಂದು ನಾನೂ ಬರೆದುಕೊಂಡೆ. ಅರ್ಧ ಗಂಟೆ ಆ ದಾರಿಯಲ್ಲೇ ಕೇಳಿದೆ, ದಾರಿ ತಪ್ಪಿತ್ತು. ಕುರ್ಚಿಯಲ್ಲಿ ಆಕೆ ಮತ್ತೆ ಮತ್ತೆ ಸರಿದು ಕೂರುವುದು ಕಂಡ ಮೇಲಷ್ಟೇ ಗಂಡನನ್ನು ಹೊರಗೆ ಕಳಿಸಿ, “ಮೈಯಲ್ಲಿ ಏನಾದರೂ ತೊಂದರೆ ಇದೆಯೇ?” ಎಂದೆ.

ಹತ್ತು ದಿನದಿಂದ ತುರಿಕೆ. ಮೂತ್ರ ಮಾಡಿದರೆ ಉರಿ. ಒಡೆದ ಮೊಸರಿನಂಥ ಬಿಳಿ ಸ್ರಾವ. ಅತ್ತೆ, “ಮಾತ್ರೆ ತಿಂದು ಉಷ್ಣವಾಗಿದೆ” ಎಂದು ದಿನಾ ತಂಬುಳಿ ಬಡಿಸುತ್ತಿದ್ದರು. ಅದರಿಂದ ಹಾನಿಯೇನಿಲ್ಲ. ಆದರೆ ಬೇವಿನ ಕಷಾಯದಲ್ಲಿ ಒಳಗೆಲ್ಲ ತೊಳೆಯುವುದನ್ನೂ ಅವರೇ ಹೇಳಿಕೊಟ್ಟಿದ್ದರು. ಅದಕ್ಕೂ ತಗ್ಗದಾಗ ಔಷಧಿ ಅಂಗಡಿಯಿಂದ ಹುಳುಕಡ್ಡಿಯ ಮುಲಾಮು ಬಂತು. ಸ್ಟೀರಾಯ್ಡ್ ಬೆರೆತದ್ದು; ಎರಡು ದಿನ ಹಿತವೆನಿಸಿ ಮತ್ತೆ ಕೆರಳಿತು. ಒಳಉಡುಪು ಯಾರ ಕಣ್ಣಿಗೂ ಬೀಳಬಾರದೆಂದು ಸೀರೆಯ ಅಡಿಯಲ್ಲಿ ಒಣಹಾಕುವುದು ನಮ್ಮ ಕಡೆಯ ಹಳೆಯ ಪದ್ಧತಿ. ಆಷಾಢದ ಮಳೆಯಲ್ಲಿ ಅದು ಒಣಗುವುದುಂಟೇ? ಅರೆಹಸಿಯದನ್ನೇ ತೊಡುತ್ತಿದ್ದರು.

“ಆಸ್ಪತ್ರೆಗೆ ಯಾಕೆ ಹೇಳಲಿಲ್ಲ?”

“ಸೋಂಕು ಅಂದರೆ ಭ್ರೂಣ ಇಡುವುದನ್ನು ನಿಲ್ಲಿಸುತ್ತಾರಲ್ಲ ಮೇಡಂ. ಹೋದ ಸಲ ನಿಲ್ಲದ್ದೂ ಇದರಿಂದಲೇ ಇರಬೇಕು. ಇವರು ಏನೆಂದುಕೊಳ್ಳುತ್ತಾರೋ.”

ಮೂರು ಭಯ, ಒಂದಕ್ಕೂ ಬಾಯಿಲ್ಲ. ಹೇಳಲಾರದ್ದಕ್ಕೆ ಚಿಕಿತ್ಸೆಯೇ ಬೇಡ ಎಂದಿದ್ದರು.

ಲಕ್ಷಣ ಕೇಳಿದರೆ ಕ್ಯಾಂಡಿಡಾ ಎಂಬ ಶಿಲೀಂಧ್ರದ್ದಿರಬಹುದು, ಖಚಿತಪಡಿಸಬೇಕಾದವರು ವೈದ್ಯರು ಎಂದೆ. ನೂರಕ್ಕೆ ಎಪ್ಪತ್ತೈದು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುವ ತೊಂದರೆ ಇದು. ಈಸ್ಟ್ರೋಜನ್ ಹೆಚ್ಚಾದಾಗ ಯೋನಿಯ ಒಳಪೊರೆಯಲ್ಲಿ ಗ್ಲೈಕೋಜನ್ ಎಂಬ ಸಕ್ಕರೆ ಸಂಗ್ರಹ ಹೆಚ್ಚುತ್ತದೆ, ಶಿಲೀಂಧ್ರಕ್ಕೆ ಅದು ಹಬ್ಬದೂಟ. ನಡುವೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕುಗ್ಗಿರುತ್ತವೆ. ಒಳಗೆ ತೊಳೆದಷ್ಟೂ ಅವು ಇನ್ನಷ್ಟು ಕಡಿಮೆ. ಹಿಂದಿನ ಸೋಲಿಗೆ ಇದೇ ಕಾರಣವೆಂದು ಯಾರೂ ಬೆರಳು ಮಾಡಲಾರರು. ಭ್ರೂಣ ನಿಲ್ಲದಿರುವುದಕ್ಕೆ ಬಹಳ ಸಲ ಅದರ ವರ್ಣತಂತುಗಳ ದೋಷವೇ ಕಾರಣ.

ಭ್ರೂಣ ಇಡುವುದನ್ನು ಮುಂದೂಡುವುದೋ ಬಿಡುವುದೋ ವೈದ್ಯರ ತೀರ್ಮಾನ. ಮುಂದೂಡಿದರೂ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿರುವ ಭ್ರೂಣ ಒಂದೆರಡು ತಿಂಗಳಿಗೆ ಕೆಡುವುದಿಲ್ಲ ಎಂದಾಗ ಆಕೆ ಮೊದಲ ಬಾರಿಗೆ ತಲೆ ಎತ್ತಿದರು.

ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸಿದೆ. ವೈದ್ಯರ ಹತ್ತಿರ ನಾಚಿಕೆಯಾದರೆ ನರ್ಸ್ ಹತ್ತಿರ ಹೇಳಿ: “ಬಿಳಿ ಹೋಗುತ್ತಿದೆ, ತುರಿಕೆ ಇದೆ, ಈ ಮುಲಾಮು ಹಚ್ಚಿದ್ದೇನೆ.” ಇಷ್ಟೇ ಸಾಕು. ಅಂಗಡಿಯಲ್ಲಿ ಸಿಗುವ, ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಗುಳಿಗೆಯನ್ನು ಸ್ವಂತವಾಗಿ ನುಂಗಬೇಡಿ, ಭ್ರೂಣ ಇಟ್ಟ ಮೇಲಂತೂ ಬೇಡವೇ ಬೇಡ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಯೋನಿಯ ಒಳಗಿಡುವ ಔಷಧವನ್ನೇ ಆಯುತ್ತಾರೆ. ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಕೇಳಿ. ಸ್ರಾವಕ್ಕೆ ಮೀನಿನ ವಾಸನೆ ಇದ್ದರೆ ಅದು ಬೇರೆಯೇ ಸೋಂಕು, ಮದ್ದೂ ಬೇರೆ. ಮನೆಯಲ್ಲಿ ಹೊರಭಾಗ ಮಾತ್ರ ತೊಳೆಯಿರಿ, ಅದೂ ಬರೀ ನೀರಿನಲ್ಲಿ; ಹತ್ತಿಯ ಒಳಉಡುಪು, ಅದೂ ಪೂರ್ತಿ ಒಣಗಿದ್ದು.

ಗಂಡನನ್ನು ಒಳಗೆ ಕರೆಯುವ ಮೊದಲು, ಏನು ಹೇಳಲಿ ಎಂದು ಆಕೆಯನ್ನೇ ಕೇಳಿದೆ. “ಎಲ್ಲವನ್ನೂ” ಎಂದರು. ಗಂಡನ ಮೊದಲ ಪ್ರಶ್ನೆ, “ನನ್ನಿಂದ ಬಂದದ್ದೇ?” ಇದನ್ನು ಲೈಂಗಿಕ ರೋಗವೆಂದು ಎಣಿಸುವುದಿಲ್ಲ, ನಿಮಗೆ ತುರಿಕೆಯೋ ಕೆಂಪೋ ಇಲ್ಲದಿದ್ದರೆ ಔಷಧವೂ ಬೇಕಿಲ್ಲ ಎಂದೆ. ಅವರು ಹೆಂಡತಿಯ ಕಡೆ ತಿರುಗಿ, “ಇಷ್ಟೇ ಇದ್ದಿದ್ದಾ?” ಎಂದರು. ಆ ‘ಇಷ್ಟೇ’ ನನಗೆ ಹಿಡಿಸಲಿಲ್ಲ. ಹತ್ತು ರಾತ್ರಿ ನಿದ್ದೆಯಿಲ್ಲದವರಿಗೆ ಅದು ಇಷ್ಟೇ ಅಲ್ಲ ಎಂದು ಹೇಳಿಯೇ ಕಳಿಸಿದೆ.

ಆಸ್ಪತ್ರೆಯಲ್ಲಿ ಸ್ರಾವದ ಪರೀಕ್ಷೆ ಮಾಡಿ, ರಾತ್ರಿ ಒಳಗಿಡುವ ಕ್ಲೋಟ್ರಿಮಜೋಲ್ ಎಂಬ ಶಿಲೀಂಧ್ರದ ಔಷಧ ಕೊಟ್ಟರು, ತುರಿಕೆ ಹೋಯಿತು. ಮುಂದಿನ ತಿಂಗಳು ಮತ್ತೆ ಫೋನ್ ಬಂತು: ಬಿಳಿ ಪುಡಿಯಂಥ ಗಂಟು ಬೀಳುತ್ತಿದೆ. ಆಗ ಗರ್ಭ ನಿಲ್ಲಲು ನೆರವಾಗುವ ಪ್ರೊಜೆಸ್ಟರಾನ್ ಹಾರ್ಮೋನಿನ ಬತ್ತಿಯನ್ನು ಯೋನಿಯಲ್ಲಿ ಇಡುತ್ತಿದ್ದರು, ಅದರ ಉಳಿಕೆ ಹೀಗೆ ಬರುವುದು ಸಹಜ. ತುರಿಕೆ, ಉರಿ ಇದೆಯೇ ಎಂದೆ, ಇಲ್ಲವಂತೆ. ಹಾಗಾದರೆ ಬತ್ತಿ ನಿಲ್ಲಿಸಬೇಡಿ, ತೊಳೆಯಲೂ ಬೇಡಿ, ಆದರೂ ನರ್ಸ್‌ಗೆ ಒಂದು ಮಾತು ಹೇಳಿ ಎಂದೆ.

“ಹೇಳಿಯಾಯಿತು ಮೇಡಂ, ನಿಮಗೇ ಎರಡನೆಯ ಫೋನ್” ಎಂದರು.

ಆ ಭ್ರೂಣ ಏನಾಯಿತೆಂದು ಬರೆಯಲು ಅವರು ಒಪ್ಪಿಗೆ ಕೊಟ್ಟಿಲ್ಲ.