ಸಕ್ಕರೆ ಡಬ್ಬಿ ಇಲ್ಲದ ಮನೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಅವರಿಗೆ 61 ವರ್ಷ. ನಿವೃತ್ತ ಮೇಷ್ಟ್ರು. ಬೈಪಾಸ್ ಆಗಿ 5 ವಾರ. ಕುರ್ಚಿಯಲ್ಲಿ ಕೂರುವ ಮೊದಲೇ ಹೆಂಡತಿ ಹೇಳಿದರು: "ಮೇಡಂ, ಇವರು ರಾತ್ರಿಯೆಲ್ಲ ನಾಡಿ ಹಿಡ್ಕೊಂಡು ಕೂತಿರ್ತಾರೆ."

ಆಪರೇಷನ್ ಆದ 3ನೇ ದಿನ ಐಸಿಯುನಲ್ಲಿ ಎದೆಬಡಿತ ತಾಳ ತಪ್ಪಿ ಓಡಿತ್ತು. ಏಟ್ರಿಯಲ್ ಫಿಬ್ರಿಲೇಷನ್. ಅವತ್ತೇ ಶುಗರ್ 260 ದಾಟಿತ್ತು. ಶುಗರ್ ಏರಿದ್ದಕ್ಕೇ ಹಾರ್ಟ್ ಕೆಟ್ಟಿತು ಎಂದು ಮೇಷ್ಟ್ರು ಲೆಕ್ಕ ಹಾಕಿಬಿಟ್ಟರು. ಮನೆಗೆ ಬಂದ ಮೇಲೆ ರಾತ್ರಿ ಅರ್ಧ ಚಪಾತಿ. ಇನ್ಸುಲಿನ್ ಮಾತ್ರ ಪೂರ್ತಿ.

ಬೈಪಾಸ್ ಆದವರಲ್ಲಿ 100ಕ್ಕೆ 20ರಿಂದ 40 ಜನಕ್ಕೆ ಎದೆಬಡಿತ ಹೀಗೆ ತಾಳ ತಪ್ಪುತ್ತದೆ, ಹೆಚ್ಚಾಗಿ 2ರಿಂದ 4ನೇ ದಿನದೊಳಗೆ, ಎಂದೆ. ಕೈ ಆಡಿಸಿದ ಹೃದಯ, ಅದರ ಊತ, ಮೈಗೆ ಬಿದ್ದ ಪೆಟ್ಟು ಇವೆಲ್ಲ ಕಾರಣ. ಆ ಪೆಟ್ಟಿಗೇ ಶುಗರೂ ಏರುತ್ತದೆ. ಎರಡೂ ಒಂದೇ ಬಸ್ಸಿನಲ್ಲಿ ಬಂದವು, ಅಷ್ಟೇ. ಹಾಗಂತ ಶುಗರ್ ಬಿಟ್ಟುಬಿಡುವಂತಿಲ್ಲ. ಗಾಯ ಕೀವು ಕಟ್ಟಬಾರದಲ್ವಾ?

"ರಾತ್ರಿ ಏನಾಗುತ್ತೆ ಸಾರ್?"

"2 ಗಂಟೆಗೆ ಎಚ್ಚರ ಆಗುತ್ತೆ. ಬನಿಯನ್ ಪೂರಾ ಒದ್ದೆ. ಒಂದ್ಸಲ ಚೆಕ್ ಮಾಡಿದೆ, 58 ಇತ್ತು. ಕಮ್ಮಿ ಇದೆಯಲ್ಲ, ಒಳ್ಳೇದೇ ಆಯ್ತು ಅಂದ್ಕೊಂಡೆ."

ನನಗೆ ಗಾಬರಿಯಾದದ್ದು ಅಲ್ಲಿ. ಶುಗರ್ 70ಕ್ಕಿಂತ ಇಳಿದರೆ ಮೈ ಅಡ್ರಿನಲಿನ್ ಸುರಿಸುತ್ತದೆ, ರಕ್ತದ ಪೊಟ್ಯಾಶಿಯಂ ಇಳಿಯುತ್ತದೆ. ಎದೆಬಡಿತ ಕೆಡುವುದಕ್ಕೆ ಇದೂ ದಾರಿಯೇ. ಎದೆಬಡಿತ ನಿಧಾನಿಸಲು ಅವರು ತಗೊಳ್ಳುತ್ತಿದ್ದ ಮೆಟೊಪ್ರೊಲಾಲ್ ಮಾತ್ರೆ ಎದೆ ಹೊಡೆದುಕೊಳ್ಳುವುದನ್ನೂ ಕೈ ನಡುಕವನ್ನೂ ಮರೆಮಾಡುತ್ತದೆ. ಬೆವರನ್ನು ಮಾತ್ರ ಮುಚ್ಚಲಾಗುವುದಿಲ್ಲ.

"ಹೀಗಾದ್ರೆ ನೀರಿಗೆ 3 ಚಮಚ ಸಕ್ಕರೆ ಕದಡಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟದಿದ್ರೆ ಮತ್ತೊಮ್ಮೆ ಕೊಡಿ" ಎಂದೆ.

ಆಯಮ್ಮ ತಲೆ ತಗ್ಗಿಸಿದರು. ಆಪರೇಷನ್ ಆದ ವಾರವೇ ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದರಂತೆ!

ಅವರನ್ನು ಕೂರಿಸಿಕೊಂಡೇ ಡಾಕ್ಟರಿಗೆ ಫೋನ್ ಮಾಡಿದೆ. ರಾತ್ರಿಯ ಇನ್ಸುಲಿನ್ ಡಾಕ್ಟರೇ ಇಳಿಸಿದರು. ಊಟ ಬಿಡಬೇಡಿ, ರಕ್ತ ತೆಳುವಾಗಿಸುವ ಮಾತ್ರೆ ನೀವಾಗಿ ನಿಲ್ಲಿಸಬೇಡಿ ಎಂದು ಎರಡೆರಡು ಸಲ ಹೇಳಿದೆ. ನಾಡಿ ನೋಡ್ಲೇಬೇಡಿ ಅಂದರೆ ಕೇಳುವ ಆಸಾಮಿ ಅಲ್ಲ. ಅದಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪೂರ್ತಿ 1 ನಿಮಿಷ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೀರಿ ಎಂದೆ. ತಲೆ ಸುತ್ತಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ ಮಾತ್ರ ನೋಟ್‌ಬುಕ್ ಬಿಟ್ಟು ಸೀದಾ ಆಸ್ಪತ್ರೆಗೆ.

ಎರಡು ವಾರದ ಮೇಲೆ ಬಂದರು. ನೋಟ್‌ಬುಕ್ಕಿಗೆ ಕೆಂಪು ಇಂಕಿನ ಮಾರ್ಜಿನ್ ಬೇರೆ! ರಾತ್ರಿ ಬೆವರುವುದು ನಿಂತಿತ್ತು. ಸಕ್ಕರೆ ಡಬ್ಬಿ ವಾಪಸ್ ಬಂದಿದೆ, ಆದರೆ ಅಟ್ಟದ ಮೇಲಿದೆ ಎಂದರು ಹೆಂಡತಿ. ಕೈಗೆ ಸಿಗೋ ಹಾಗೆ ಹಾಸಿಗೆ ಪಕ್ಕ ಇಡಿ ಎಂದೆ. "ಕಾಫಿಗೆ ಹಾಕ್ಕೊಳ್ತಾರೆ ಮೇಡಂ" ಎಂದರು.