ಹೆದ್ದಾರಿ ಕೆಳಗಿನ ಅಂಡರ್‌ಪಾಸ್‌ನಲ್ಲಿ ಕಾಡುಪ್ರಾಣಿಗಳು ನಿಜವಾಗಲೂ ಓಡಾಡುತ್ತವಾ?

ಓಡಾಡುತ್ತವೆ. ಆದರೆ ಅವು ಮೊದಲಿನಿಂದ ನಡೆಯುತ್ತಿದ್ದ ಜಾಡಿನಲ್ಲೇ ಅದನ್ನು ಕಟ್ಟಿರಬೇಕು, ಜಾಗವೂ ಧಾರಾಳವಾಗಿರಬೇಕು. ನಾಗಪುರ–ಸಿವನಿ ನಡುವೆ ಪೆಂಚ್ ಕಾಡನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 44 ನೋಡಿ. ರಸ್ತೆ ಅಗಲ ಮಾಡುವಾಗ ಮಹಾರಾಷ್ಟ್ರದ ಭಾಗದಲ್ಲಿ ಇಂಥ 9 ದಾರಿ ಬಿಟ್ಟರು. ದೊಡ್ಡದು 750 ಮೀಟರ್ ಅಗಲ. ಹುಲಿ, ಕಾಡುಹಂದಿ, ಜಿಂಕೆ ಎಲ್ಲ ಅಲ್ಲಿನ ಕ್ಯಾಮೆರಾಗಳಲ್ಲಿ ಸೆರೆಯಾಗಿವೆ.

ಇಷ್ಟು ಜಾಗ ಯಾಕೆ ಅಂದರೆ, ಜಿಂಕೆಗೆ ಆಚೆ ಬದಿಯ ಬೆಳಕು ಕಾಣಬೇಕು. ಕತ್ತಲೆ ಮೋರಿಯೊಳಗೆ ಅದು ಕಾಲಿಡಲು ಹೆದರುತ್ತದೆ. ಒಳಗೆ ಹುಲಿ ಹೊಂಚು ಹಾಕಿ ಕೂತಿದ್ದರೆ ಓಡುವುದೆಲ್ಲಿಗೆ, ಅಲ್ವಾ? ಮೇಲೆ ರಸ್ತೆಯಂಚಿಗೆ ಎತ್ತರದ ತಡೆ ಹಾಕಿದರೆ ಲಾರಿಗಳ ಹೆಡ್‌ಲೈಟ್, ಸದ್ದು ಕೆಳಗಿಳಿಯುವುದು ಕಡಿಮೆಯಾಗುತ್ತದೆ. ಇದೆಲ್ಲ ನಕ್ಷೆ ಬರೆಯುವಾಗಲೇ ತೀರ್ಮಾನವಾಗಬೇಕು. ರಸ್ತೆ ಆದಮೇಲೆ ಸುಮ್ನೆ ಒಂದು ಮೋರಿ ತೂರಿಸಿದರೆ ಸಾಲದು.