ಕರ್ನಲ್-ಪವರ್ 41 ಬಂದರೆ ಪವರ್ ಸಪ್ಲೈ ಹಾಳಾಗಿದೆ ಅಂತಲೇ ಅರ್ಥವಾ?

ಐದು ವರ್ಷ ಹಳೆಯ ಡೆಸ್ಕ್‌ಟಾಪ್, ದಿನಕ್ಕೆ ಎರಡು ಮೂರು ಸಲ ತಾನಾಗೇ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿದರೂ ನಿಂತಿಲ್ಲ. ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಕಾಣುತ್ತಿದೆ, ಪವರ್ ಸಪ್ಲೈ ಬದಲಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬದಲಿಸಬೇಡಿ.

ಆ 41 ಹೇಳುವುದು ಇಷ್ಟೇ: ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿಲ್ಲ. ನೀವು ಪ್ಲಗ್ ಕಿತ್ತರೂ ಅದೇ ಬರುತ್ತದೆ. ಹ್ಯಾಂಗ್ ಆದಾಗ ಪವರ್ ಬಟನ್ ಒತ್ತಿ ಹಿಡಿದರೂ ಅದೇ. ಹೆಸರಲ್ಲಿ ‘ಪವರ್’ ಇದೆ ಅಂತ ನಾನೂ ಹೊಸ ಪವರ್ ಸಪ್ಲೈ ತಂದು ಹಾಕಿದ್ದೆ. ಮೂರನೇ ದಿನ ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ತೊಂದರೆ ಇದ್ದಿದ್ದು ರ‍್ಯಾಮ್‌ನಲ್ಲಿ.

ಮೊದಲು ಬೇಕಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಹೀಗೆ ಪದೇ ಪದೇ ಅರ್ಧಕ್ಕೆ ನಿಂತರೆ ಫೈಲ್‌ಗಳೂ ಕೆಡುತ್ತವೆ.

ಆಮೇಲೆ ಅದೇ 41ನೇ ಈವೆಂಟ್ ತೆರೆದು ‘ಡೀಟೇಲ್ಸ್’ ಟ್ಯಾಬ್‌ಗೆ ಹೋಗಿ. ಅಲ್ಲಿ ‘ಬಗ್‌ಚೆಕ್‌ಕೋಡ್’ ಅಂತ ಒಂದು ಸಾಲು ಇರುತ್ತದೆ. ಯಾರೂ ಅದನ್ನು ನೋಡುವುದೇ ಇಲ್ಲ, ಆದರೆ ನಿಜವಾದ ಸುಳಿವು ಇರುವುದು ಅಲ್ಲೇ. ಸೊನ್ನೆ ಅಲ್ಲದ ಸಂಖ್ಯೆ ಇದ್ದರೆ, ವಿಂಡೋಸ್ ಕುಸಿದಾಗ ತೋರಿಸುವ ನೀಲಿ ಪರದೆ ಬಂದು ಹೋಗಿದೆ ಅಂತ ಅರ್ಥ. 26 ಇದ್ದರೆ ಮೆಮೊರಿ, ಅಂದರೆ ರ‍್ಯಾಮ್ ಕಡೆ ಅನುಮಾನ ಪಡಿ. 292 ಇದ್ದರೆ ಹಾರ್ಡ್‌ವೇರೇ ತನ್ನಲ್ಲಿ ದೋಷವಿದೆ ಅಂತ ವರದಿ ಮಾಡಿದೆ. ಸೊನ್ನೆ ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆದಿಡಲು ಸಮಯವೇ ಸಿಕ್ಕಿಲ್ಲ. ಹೆಚ್ಚಾಗಿ ಕರೆಂಟ್, ಬಿಸಿ, ಇಲ್ಲವೇ ಪೂರ್ತಿ ಹ್ಯಾಂಗ್ ಆಗಿರುತ್ತದೆ. ಜೊತೆಗೆ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟಾರ್ಟ್‌ಅಪ್ ಆ್ಯಂಡ್ ರಿಕವರಿ’ಗೆ ಹೋಗಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಟಿಕ್ ತೆಗೆದುಬಿಡಿ. ಮುಂದಿನ ಸಲ ನೀಲಿ ಪರದೆ ಬಂದರೆ ಹಾಗೇ ನಿಲ್ಲುತ್ತದೆ, ಫೋನಲ್ಲಿ ಫೋಟೊ ತೆಗೆದುಕೊಳ್ಳಬಹುದು.

ಇನ್ನು ಬಿಸಿಯ ವಿಷಯ. ಪ್ಲಗ್ ತೆಗೆದು ಪಕ್ಕದ ಬಾಗಿಲು ಬಿಚ್ಚಿ. ಮೇಲಿಂದ ನೋಡಿದರೆ ಪ್ರೊಸೆಸರ್ ಫ್ಯಾನ್ ಚೆನ್ನಾಗೇ ಕಾಣುತ್ತದೆ. ಫ್ಯಾನ್ ಎತ್ತಿ ಕೆಳಗೆ ನೋಡಿ. ಪ್ರೊಸೆಸರ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ತಗಡುಗಳ ಸಂದಿಯಲ್ಲಿ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ, ಗಾಳಿ ಆಡಲು ಜಾಗವೇ ಇರುವುದಿಲ್ಲ. ಆ ಧೂಳನ್ನು ಊದಿ ತೆಗೆಯಿರಿ. ಊದುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ನೆ ತಿರುಗಲು ಬಿಡಬೇಡಿ. ಆಮೇಲೆ ಕೆಲಸ ಜಾಸ್ತಿ ಇರುವಾಗ ಪ್ರೊಸೆಸರ್ ಬಿಸಿ ಎಷ್ಟಿದೆ ನೋಡಿ. 80 ಡಿಗ್ರಿ ಒಳಗಿದ್ದರೆ ಚಿಂತೆ ಬೇಡ. 95–100ಕ್ಕೆ ಹೋಗಿ ಆಫ್ ಆಗುತ್ತಿದ್ದರೆ ಉತ್ತರ ಸಿಕ್ಕಿತು, ಅಲ್ವಾ?

ಬಿಸಿ ಅಲ್ಲ ಅಂತಾದರೆ ರ‍್ಯಾಮ್. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ ರಾತ್ರಿಯಿಡೀ ಓಡಲು ಬಿಡಿ. ಹತ್ತು ನಿಮಿಷ ನೋಡಿ ಸರಿಯಿದೆ ಅಂದುಕೊಳ್ಳಬೇಡಿ. ನನ್ನದರಲ್ಲಿ ಮೊದಲ ಎರಡು ಸುತ್ತು ಏನೂ ಇರಲಿಲ್ಲ, ಮೂರನೇ ಸುತ್ತಲ್ಲಿ ಕೆಂಪು ಸಾಲುಗಳು ಬರತೊಡಗಿದವು. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ಆಗ ಒಂದು ರ‍್ಯಾಮ್ ತೆಗೆದು ಇನ್ನೊಂದರಲ್ಲೇ ಎರಡು ದಿನ ನಡೆಸಿ, ಆಮೇಲೆ ಅದಲು ಬದಲು ಮಾಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಿನಾಂಕ ಹಾಕಿ ಬರೆದಿಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕೋಡ್ ಸೊನ್ನೆ ಇದ್ದು, ಗೇಮ್‌ನಂಥ ಭಾರದ ಕೆಲಸದಲ್ಲೇ ಫಟ್ ಅಂತ ಆಫ್ ಆಗುತ್ತಿದ್ದರೆ ಆಗ ಪವರ್ ಸಪ್ಲೈ ಬದಲಿಸಿ. ಅದರ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಬಗ್‌ಚೆಕ್‌ಕೋಡ್ ಎಷ್ಟು ಬಂತು ಅಂತ ಹೇಳಿ, ಅದನ್ನು ನೋಡಿಕೊಂಡು ಮುಂದುವರಿಯೋಣ.